ಎಣ್ಣೆಮುಖದ ಬಳುವಳಿ

ನಿಲಂಗಾದಿಂದ ಉದಗೀರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಗಾಜಿನ ಮೇಲೆ ಹಣೆಯಷ್ಟಗಲದ ಜಿಡ್ಡಿನ ಚಂದ್ರನೊಂದು ಮೂಡಿರುವುದನ್ನು ನೀವೆಂದಾದರೂ ಕಂಡಿದ್ದರೆ, ಗೆಳೆಯರೇ, ಅದು ನಿಮಗಿಂತ ಮೊದಲು ಆ ಸೀಟಿನಲ್ಲಿ ಕೂತು ತೂಕಡಿಸಿದ ನನ್ನದೇ ಇದ್ದೀತು. ನಾನು ಹೋದಲ್ಲೆಲ್ಲ ಇಂಥ ಗುರುತು ಬಿಟ್ಟು ಬರುತ್ತೇನೆ. ಫೋನಿನಲ್ಲಿ ಮಾತಾಡಿ ಇಳಿಸಿದರೆ ಅದರ ಗಾಜಿನ ಮೇಲೆ ಕೆನ್ನೆಯ ಅಚ್ಚು. ಕನ್ನಡಕ ತೆಗೆದರೆ ಮೂಗಿನ ಎರಡೂ ಬದಿಗೆ ಮಿರಮಿರ ಮಿನುಗು. ಶಾಲೆಯಲ್ಲಿ ಗಣಿತ ಕಲಿಸುವವಳು ನಾನು. ಊಟದ ಬಿಡುವಿನ ಹೊತ್ತಿಗೆ ಹಲಗೆಗೆ ಬರೆಯುವ ಖಡುವಿನ ಪುಡಿಯೆಲ್ಲ ಮುಖಕ್ಕೆ ಅಂಟಿ, ಆಗತಾನೇ ಹಿಟ್ಟಿನ ಗಿರಣಿಯಿಂದ ಹೊರಬಂದವಳಂತೆ ಕಾಣುತ್ತೇನೆ.

ನಲವತ್ತು ದಾಟಿದ ಮೇಲೂ ಮೊಡವೆ ಏಳುವವರ ಕಷ್ಟ ಹೇಳಿಕೊಳ್ಳುವಂಥದ್ದಲ್ಲ. ಮಂಡಿನೋವಿಗೆ ಮರುಕವಿದೆ, ಸಕ್ಕರೆ ಕಾಯಿಲೆಗೆ ಮರ್ಯಾದೆಯೂ ಇದೆ. ಮೊಡವೆಗೆ ಮಾತ್ರ ನಗು. ಹದಿನಾರಕ್ಕೆ ಬಂದು ಇಪ್ಪತ್ತಕ್ಕೆ ಹೊರಟುಹೋಗಬೇಕಾದ ಅತಿಥಿ ಮನೆಯಳಿಯನಾಗಿ ಉಳಿದುಬಿಟ್ಟರೆ ಯಾರ ಮುಂದೆ ದೂರುವುದು? ಆದರೆ ನಮ್ಮ ಮನೆತನದಲ್ಲಿ ಇದು ಹೊಸತಲ್ಲ. ಹೊಲ, ಬಂಗಾರ, ಹಿತ್ತಾಳೆಯ ಹಂಡೆಗಳು ಹಂಚಿಹೋಗುವಂತೆ ನಮ್ಮಲ್ಲಿ ಈ ಎಣ್ಣೆಮುಖವೂ ತಲೆಮಾರಿನಿಂದ ತಲೆಮಾರಿಗೆ ಹಂಚಿಕೆಯಾಗುತ್ತ ಬಂದಿದೆ.

ನನ್ನ ತವರು ಮಹಾರಾಷ್ಟ್ರದ ಗಡಿಯೊಳಗಿನ ಉಮರ್ಗಾ ಹತ್ತಿರದ ತುರೋರಿ. ಅಪ್ಪ ಅಲ್ಲಿಯ ಅಯ್ಯನವರು. ಊರವರ ಮನೆಗಳಲ್ಲಿ ಪೂಜೆ, ಲಗ್ನ, ಗೃಹಪ್ರವೇಶ ನಡೆಸಿಕೊಡುವವರು. ಬೆಳಿಗ್ಗೆ ಮಿಂದು ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದುಕೊಂಡು ಹೊರಟರೆ, ಹೆದ್ದಾರಿ ದಾಟುವುದರೊಳಗೆ ಆ ಮೂರು ಪಟ್ಟೆಗಳು ಒದ್ದೆಯಾಗಿ, ಬಿರಿದು, ಒಂದರೊಳಗೊಂದು ಕರಗಿಹೋಗುತ್ತಿದ್ದವು. ಅದಕ್ಕೇ ಅಪ್ಪ ಜೋಳಿಗೆಯಲ್ಲಿ ವಿಭೂತಿಯ ಗಟ್ಟಿ ಇಟ್ಟುಕೊಂಡು ಮನೆಮನೆಗೂ ನಿಂತು ಮತ್ತೆ ಮತ್ತೆ ಹಚ್ಚಿಕೊಳ್ಳುತ್ತಿದ್ದರು. ಜನ ಅದನ್ನು ಅಪಾರ ಭಕ್ತಿಯೆಂದು ತಿಳಿದು ಕೈಮುಗಿಯುತ್ತಿದ್ದರು. ಉಮರ್ಗಾದ ಶಾಲೆಯಲ್ಲಿ ಹುಡುಗಿಯರು ನನ್ನನ್ನು ಮರಾಠಿಯಲ್ಲಿ 'ಘಾಣಾ' ಎಂದು ಕರೆಯತೊಡಗಿದಾಗ ನಾನು ಅಳುತ್ತ ಮನೆಗೆ ಬಂದೆ. ಮರಾಠಿಯ ಘಾಣಾ ನಮ್ಮ ಕನ್ನಡದ ಗಾಣವೇ ಆದ್ದರಿಂದ ಬೈಗುಳ ಎರಡೂ ಭಾಷೆಗಳಲ್ಲಿ ಒಂದೇ ಸಲ ತಾಕಿತ್ತು. ಅಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಂಸ್ಕೃತದಲ್ಲಿ ಎಣ್ಣೆಗೂ ಪ್ರೀತಿಗೂ ಸ್ನೇಹವೆಂಬ ಒಂದೇ ಹೆಸರು, ನಾವು ಸ್ನೇಹ ಹೆಚ್ಚಾದ ಮಂದಿ ಎಂದು ಸಮಾಧಾನ ಹೇಳಿದರು. ಮಾತು ಚೆನ್ನಾಗಿತ್ತು. ಮೊಡವೆಗೆ ಅದು ಅರ್ಥವಾಗಲಿಲ್ಲ, ಅಷ್ಟೇ.

ಮೊಡವೆಯ ಭಾಷೆ ಬಲ್ಲವಳು ಅಪ್ಪನ ಅಕ್ಕ ಗಂಗಾಬಾಯಿ. ಉದಗೀರಿನ ಆಚೆಯ ಜಳಕೋಟಕ್ಕೆ ಕೊಟ್ಟಿದ್ದ ಆಕೆಯನ್ನು ನಾವು ಜಳಕೋಟದ ಅತ್ತಿ ಎನ್ನುತ್ತಿದ್ದೆವು. ಅಪ್ಪನ ಎಣ್ಣೆ ಹಣೆಗಷ್ಟೇ ನಿಂತಿದ್ದರೆ ಅತ್ತಿಯದು ಇಡೀ ಮುಖಕ್ಕೆ ಹರಡಿತ್ತು. ಕೆನ್ನೆಯ ತುಂಬ ಹಳೆಯ ಕುಳಿಗಳು, ಅವುಗಳ ನಡುವೆ ಐವತ್ತರ ವಯಸ್ಸಿನಲ್ಲೂ ಒಂದೆರಡು ಹೊಸ ಗುಳ್ಳೆ. ನನ್ನ ಬೇಸಿಗೆಯ ರಜೆಗಳೆಲ್ಲ ಆಕೆಯ ಮನೆಯಲ್ಲೇ ಕಳೆದವು. ಬಿಸಿಲೇರುವ ಮುನ್ನ ಹಿತ್ತಲ ಕಲ್ಲಿನ ಮೇಲೆ ನನ್ನನ್ನು ಕೂರಿಸಿ, ಕಡಲೆಹಿಟ್ಟಿಗೆ ಮೊಸರು ಕಲಸಿ, ಹಚ್ಚಿದಳೋ ಇಲ್ಲವೋ ಎಂಬಷ್ಟು ಹಗುರವಾಗಿ ಮುಖಕ್ಕೆ ಸವರುತ್ತಿದ್ದಳು. ಬೇರೆಯವರು ಕೊಡುತ್ತಿದ್ದ ಮದ್ದುಗಳಲ್ಲಿ ನಿಂಬೆರಸದ ಉರಿ ಇರುತ್ತಿತ್ತು, ಉಪ್ಪಿನ ತಿಕ್ಕು ಇರುತ್ತಿತ್ತು, ಕೊಳೆ ಹೋಗಲಿ ಎಂಬ ಹಟ ಇರುತ್ತಿತ್ತು. ಅತ್ತಿಯ ಬೆರಳಿನಲ್ಲಿ ಇದು ಕೊಳೆಯೆಂಬ ಭಾವನೆಯೇ ಇರಲಿಲ್ಲ. ಆ ಹಿಟ್ಟಿನ ಹಸಿವಾಸನೆ, ಒಣಗುತ್ತ ಬಂದಂತೆ ನಗಲಾಗದೆ ಬಿಗಿಯುತ್ತಿದ್ದ ಕೆನ್ನೆ, ಬೇವಿನ ಮರದ ಕೆಳಗೆ ಇಬ್ಬರೂ ಹಳದಿ ಮೋರೆ ಹೊತ್ತು ಮಾತಿಲ್ಲದೆ ಕೂತಿರುತ್ತಿದ್ದ ಆ ಮುಂಜಾವುಗಳು ಈಗ ನೆನಪಾದರೆ, ಗುಣವಾಗದ ಮೊಡವೆಗಳಿಗೂ ಒಂದು ಋಣ ಸಲ್ಲಬೇಕೆನಿಸುತ್ತದೆ.

"ಉಗುರು ಮಾತ್ರ ಹಚ್ಚಬ್ಯಾಡ, ಪಾರೂ. ನಂದು ನೋಡೀದಿ ಇಲ್ಲ?" ಎಂದಷ್ಟೇ ಒಮ್ಮೆ ಹೇಳಿದ್ದಳು. ಇವು ಯಾವಾಗ ಹೋಗುತ್ತವೆ ಎಂದು ನಾನು ಕೇಳಿದಾಗ ಅತ್ತಿ ನಕ್ಕಳು. "ಮದಿವಿ ಆದ ಮ್ಯಾಲ ಹೋಗ್ತಾವ ಅಂತ ನನಗ ಹೇಳಿದ್ರು. ಆಮ್ಯಾಲ ಮಕ್ಕಳಾದ್ರ ಹೋಗ್ತಾವ ಅಂದ್ರು. ಈಗ ಯಾರೂ ಏನೂ ಹೇಳಂಗಿಲ್ಲ."

ಇಷ್ಟು ಹಗುರಾಗಿ ಮಾತಾಡುವ ಅತ್ತಿ ಕ್ಯಾಮೆರಾ ಕಂಡರೆ ಮಾತ್ರ ಬೇರೆಯೇ ಹೆಂಗಸಾಗುತ್ತಿದ್ದಳು. ಬಳಗದ ಯಾವ ಲಗ್ನದಲ್ಲೂ ಆಕೆ ಫೋಟೋಕ್ಕೆ ಸಿಕ್ಕವಳಲ್ಲ. ಎಲ್ಲರೂ ಸಾಲಾಗಿ ನಿಲ್ಲುವ ಹೊತ್ತಿಗೆ ಸರಿಯಾಗಿ ಅಡುಗೆಯವರ ಹತ್ತಿರ ಏನೋ ಕೆಲಸ ಹುಟ್ಟಿಕೊಳ್ಳುತ್ತಿತ್ತು. ಗಂಗಾಬಾಯಿ ಎಷ್ಟು ದುಡಿಯುತ್ತಾಳೆ ಎಂದು ಜನ ಹೊಗಳುತ್ತಿದ್ದರು. ಫೋಟೋದವನು ಹೋದನೇ ನೋಡಿಕೊಂಡು ಬಾ ಎಂದು ಆಕೆ ಕಳಿಸುತ್ತಿದ್ದುದು ನನ್ನನ್ನೇ ಆದ್ದರಿಂದ ನಿಜ ನನಗೆ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ.

ನನ್ನ ಮದುವೆಯಾಯಿತು, ನಿಲಂಗಾಕ್ಕೆ ಬಂದೆ, ಮಗನೂ ಹುಟ್ಟಿದ. ಜನ ಅತ್ತಿಯ ಮುಂದೆ ಹೇಳಿದ್ದ ಗಡುವುಗಳೆಲ್ಲ ನನಗೂ ಬಂದು ಹೋದವು, ಮೊಡವೆ ಹೋಗಲಿಲ್ಲ. ಮೂವತ್ತೈದರ ಆಸುಪಾಸಿನಲ್ಲಿ, ಉಮರ್ಗಾದಲ್ಲಿ ತಮ್ಮನ ಲಗ್ನ ಗೊತ್ತಾದಾಗ, ಓಣಿಯ ಗೆಳತಿಯೊಬ್ಬಳು ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಒಂದು ಟ್ಯೂಬಿನ ಹೆಸರು ಹೇಳಿದಳು. ಹಚ್ಚಿದೆ. ಕೆಲವೇ ದಿನಗಳಲ್ಲಿ ಮುಖ ತಿಳಿಯಾಯಿತು, ಬೆಳ್ಳಗಾಯಿತು; ನಾನು ನಾನಲ್ಲವೆಂಬಂತೆ ಆಯಿತು. ತಮ್ಮನ ಲಗ್ನದಲ್ಲಿ ಕರೆದಲ್ಲೆಲ್ಲ ಹೋಗಿ ನಿಂತು ಫೋಟೋ ತೆಗೆಸಿಕೊಂಡೆ. ಎಂಥ ಸುಖ ಅದು! ಎದುರಿನವರು ನನ್ನ ಕಣ್ಣು ನೋಡಿ ಮಾತಾಡುತ್ತಿದ್ದರು, ಗದ್ದ ನೋಡಿ ಅಲ್ಲ.

ಆ ಸುಖಕ್ಕೆ ಆಯಸ್ಸು ಕಡಿಮೆ ಇತ್ತು. ಚರ್ಮ ಈರುಳ್ಳಿಯ ಒಳಪೊರೆಯಂತೆ ತೆಳುವಾಗಿ, ಬಿಸಿಲು ತಾಕಿದರೆ ಉರಿಯತೊಡಗಿತು. ಒಂದು ದಿನ ಹಚ್ಚದಿದ್ದರೆ ಮುಖ ಕೆಂಪಾಗಿ ಕುದಿಯುತ್ತಿತ್ತು. ಹೆದರಿ ಮತ್ತೆ ಹಚ್ಚುತ್ತಿದ್ದೆ. ಕೊನೆಗೆ ಹಚ್ಚಿದರೂ ನಿಲ್ಲದೆ, ಹಿಂದೆಂದೂ ಕಾಣದಷ್ಟು ಗುಳ್ಳೆಗಳು ಹಣೆಯಿಂದ ಕೊರಳತನಕ ಎದ್ದವು. ಮುಖಕ್ಕೆ ಓಢಣಿ ಬಿಗಿದುಕೊಂಡು, ಗಂಡನ ಜೊತೆ ಉದಗೀರಿನ ಚರ್ಮದ ಡಾಕ್ಟರ ಬಳಿ ಹೋದೆ. ನನ್ನದೇ ವಯಸ್ಸಿನ ಹೆಂಗಸು ಆಕೆ. ಟ್ಯೂಬನ್ನು ತಿರುಗಿಸಿ ನೋಡಿ, ಇದರಲ್ಲಿ ಸ್ಟಿರಾಯ್ಡ್ ಇದೆ, ಮುಖಕ್ಕೆ ಹೀಗೆ ಹಚ್ಚುವಂಥದ್ದಲ್ಲ ಎಂದರು. ಅದನ್ನು ಬಿಡಿಸುವ ದಾರಿ ಹೇಳಿದರು: ಕೆಲವು ತಿಂಗಳು ಮುಖ ಇನ್ನೂ ಕೆಡುತ್ತದೆ, ತಡೆದುಕೊಳ್ಳಬೇಕು; ದಿನಕ್ಕೆರಡು ಸಲ ಮೆದುವಾದ ಸಾಬೂನಿನಿಂದ ತೊಳೆಯಬೇಕು, ತಿಕ್ಕಬಾರದು; ಎಣ್ಣೆಮುಖವಾದರೂ ಹಗುರವಾದ ಕ್ರೀಮು ಬೇಕು, ಬಿಸಿಲಿಗೆ ಬೇರೊಂದು; ಮಲಗುವ ಮುಂಚೆ ತೆಳ್ಳಗೆ ಮದ್ದು. ಇದು ಪೂರ್ತಿ ಯಾವಾಗ ಹೋಗುತ್ತದೆ ಎಂದು ನನ್ನ ಹಳೆಯ ಪ್ರಶ್ನೆಯನ್ನೇ ಕೇಳಿದೆ. ಡಾಕ್ಟರು ಮರಾಠಿಯಲ್ಲಿ, "ತೇಲ ತುಮಚಂಚ ಆಹೇ. ತೇ ಜಾಣಾರ ನಾಹೀ, ಸಾಂಭಾಳಾಯಚಂ," ಎಂದರು. ಎಣ್ಣೆ ನಿಮ್ಮದೇ, ಅದು ಹೋಗುವುದಿಲ್ಲ, ಸಂಭಾಳಿಸಬೇಕು. ನಮ್ಮ ಕಡೆ ಹಟಮಾರಿ ಮಗುವನ್ನೂ ಸಂಭಾಳಿಸುತ್ತೇವೆ, ಹಾಸಿಗೆ ಹಿಡಿದವರನ್ನೂ ಸಂಭಾಳಿಸುತ್ತೇವೆ. ಗೆಲ್ಲುವ ಮಾತಲ್ಲ ಅದು, ಜೊತೆಗಿರುವ ಮಾತು.

ಆ ಮುಖ ಹೊತ್ತು ನಿಲಂಗಾಕ್ಕೆ ಮರಳಲು ಮನಸ್ಸಾಗಲಿಲ್ಲ. ಶಾಲೆಗೆ ರಜೆಯಿತ್ತು, ಗಂಡನನ್ನು ಕಳಿಸಿ ನಾನು ಜಳಕೋಟದ ಬಸ್ಸು ಹತ್ತಿದೆ. ಬಾಗಿಲಲ್ಲಿ ಓಢಣಿ ಬಿಚ್ಚಿದಾಗ ಅತ್ತಿ ಅಯ್ಯೋ ಎನ್ನಲಿಲ್ಲ. ತಣ್ಣೀರಿನಲ್ಲಿ ಅರಿವೆ ಅದ್ದಿ ತಂದು, ಅಂಗಳದ ಬೆಳಕಿನಲ್ಲಿ ನನ್ನೆದುರು ಕೂತು, ಉರಿಯುವ ಕಡೆಗೆಲ್ಲ ಒತ್ತಿದಳು. ಬಹಳ ಹೊತ್ತಾದ ಮೇಲೆ, ನಾನು ಕೇಳದೆಯೇ ತನ್ನ ಕಥೆ ಹೇಳಿದಳು.

ಆಕೆಯನ್ನು ನೋಡಲು ಗಂಡಿನವರು ಬಂದಿರಲಿಲ್ಲ; ಫೋಟೋ ತರಿಸಿಕೊಂಡು ಒಪ್ಪಿದ್ದರು. ಆ ಫೋಟೋ ತೆಗೆದ ಉಮರ್ಗಾದ ಸ್ಟುಡಿಯೋದವನು, ಯಾರೂ ಹೇಳದಿದ್ದರೂ, ಸಣ್ಣ ಕುಂಚದಿಂದ ಫೋಟೋದೊಳಗಿನ ಕಲೆ ಕುಳಿಗಳನ್ನೆಲ್ಲ ಅಳಿಸಿಬಿಟ್ಟಿದ್ದ. ಪಾಪ, ಉಪಕಾರ ಮಾಡಿದೆನೆಂದುಕೊಂಡಿರಬೇಕು. ಲಗ್ನದ ದಿನ ಅಕ್ಷತೆ ಬಿದ್ದು ವಧೂವರರ ನಡುವಿನ ಅಂತರಪಾಟ ಸರಿಯಿತು. ಗಂಡಿನ ಕಡೆಯ ಹೆಂಗಸರಲ್ಲಿ ಯಾರೋ ಮರಾಠಿಯಲ್ಲಿ, "ಹೀ ತೀ ನವ್ಹೇ," ಎಂದರು. ಇವಳು ಅವಳಲ್ಲ.

"ನಿಮ್ಮ ಮಾಮಾನ ಮಾರಿ ನೋಡ್ದೆ," ಎಂದಳು ಅತ್ತಿ. "ಅವರ ಕಣ್ಣಾಗ ನೀರು ಬಂದಿತ್ತು. ಮೋಸ ಆತು ಅಂತ ಅತ್ತಾರ ಅನ್ಕೊಂಡೆ. ಅವತ್ತಿನಿಂದ ಫೋಟೋಕ್ಕ ನಿಂತಿಲ್ಲ ನೋಡ್."

ಅತ್ತಿಯ ಗಂಡ ಸಂಗಯ್ಯ ಮಾಮಾ ಒಳಗೆ ಎತ್ತಿನ ಹಗ್ಗ ಹೊಸೆಯುತ್ತ ಕೂತಿದ್ದರು. ಒಂದು ದಿನವೂ ಆಕೆಗೆ ಗಡಸು ಮಾತು ಆಡಿದವರಲ್ಲ. ಅದನ್ನೇ ನಾನು ಹೇಳಿದಾಗ, ಅದು ಅವರ ದೊಡ್ಡತನ ಎಂದು ಅತ್ತಿ ಅರಿವೆ ಹಿಂಡಿದಳು.

ಡಾಕ್ಟರು ಹೇಳಿದಂತೆಯೇ ಆಯಿತು. ಮುಖ ಕೆಟ್ಟಿತು, ನಿಂತಿತು, ನಿಧಾನವಾಗಿ ಇಳಿಯಿತು. ಒಂದೆರಡು ಗುಳ್ಳೆ ಏಳುತ್ತವೆ, ಮುಳುಗುತ್ತವೆ; ಹಣೆ ಹೊಳೆಯುತ್ತದೆ, ತೊಳೆಯುತ್ತೇನೆ. ಅತ್ತಿಗೂ ಒಂದು ಮೆದು ಸಾಬೂನು ಕೊಂಡು ಕೊಟ್ಟಿದ್ದೆ. ಈ ವಯಸ್ಸಿನಾಗ ಯಾರಿಗೆ ತೋರಸ್ಲಿ ಎನ್ನುತ್ತಲೇ ಅದನ್ನು ಕರಗುವತನಕ ಬಳಸಿದಳಂತೆ.

ಹೋದ ಚಳಿಗಾಲ ಅತ್ತಿ ತೀರಿಕೊಂಡಳು. ಶಿವಗಣಾರಾಧನೆಯ ದಿನ ಇಡಲು ಫೋಟೋ ಹುಡುಕಿದರೆ ಇಡೀ ಬಳಗದಲ್ಲಿ ಒಂದೂ ಇಲ್ಲ. ಆಧಾರ್ ಕಾರ್ಡಿನದು ಮಸಿ ಮೆತ್ತಿದ ಹಾಗಿತ್ತು. ಕೊನೆಗೆ ಅತ್ತಿಯ ಮಗ ಪೆಟ್ಟಿಗೆಯ ತಳದಿಂದ ಆ ಲಗ್ನದ ಮುಂಚಿನ ಫೋಟೋ ತೆಗೆದು, ಉದಗೀರಿನಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದ. ಗುಲಾಬಿ ಎಸಳಿನಂಥ ಕೆನ್ನೆಯ ಒಬ್ಬ ಹುಡುಗಿ ಅದರಲ್ಲಿದ್ದಳು. ಮಾಮಾ ನೋಡಿ, ಇದು ಬೇಡ ಎಂದರು. ಮಂದಿ ಬರುವ ಹೊತ್ತಾಯಿತು, ಇದೊಂದೇ ಇರುವುದು ಎಂದು ಮಗ ಗೋಗರೆದ.

"ಇದು ಆಕಿ ಅಲ್ಲ," ಎಂದರು ಮಾಮಾ. ಅಷ್ಟೇ. ಫೋಟೋ ಇಡಬೇಕಾದಲ್ಲಿ ಒಂದು ದೀಪ, ಒಂದು ತಟ್ಟೆ ವಿಭೂತಿ, ಹೂವು ಇಟ್ಟು ಕಾರ್ಯ ನಡೆಸಿದೆವು.

ಬಂದವರೆಲ್ಲ ಹೋದ ಮೇಲೆ, ಮಾರನೆಯ ಮಧ್ಯಾಹ್ನ, ಪಡಸಾಲೆಯಲ್ಲಿ ಮಾಮಾ, ನಾನು ಇಬ್ಬರೇ ಇದ್ದೆವು. ತಡೆಯಲಾರದೆ, ಅತ್ತಿ ಅಂಗಳದಲ್ಲಿ ಹೇಳಿದ್ದನ್ನೆಲ್ಲ ಅವರಿಗೆ ಹೇಳಿದೆ, ಕಣ್ಣೀರಿನ ವಿಷಯವನ್ನೂ.

"ಫೋಟೋದಾಗಿನ ಹುಡುಗಿ ಭಾಳ ಚಂದ ಇದ್ದಳು, ಪಾರವ್ವ," ಎಂದರು ಮಾಮಾ. "ನನಗ ಅಂಜಿಕಿ ಆಗಿತ್ತು. ನಾ ಕರಿ ಮನಶ್ಯಾ, ಹೊಲದಾಗ ದುಡಿಯಾಂವ. ಇಂಥಾಕಿ ನನ್ನ ಮನ್ಯಾಗ ಹೆಂಗ ಇದ್ದಾಳು ಅಂತ ನಿದ್ದಿ ಇದ್ದಿಲ್ಲ. ಅಂತರಪಾಟ ಸರಿದು ಆಕಿ ಮಾರಿ ಕಂಡಾಗ ಜೀವ ತಣ್ಣಗಾತು. ನಮ್ಮಂಥಾಕಿನೇ ಅದಾಳ ಅನಿಸ್ತು. ಅದಕ್ಕ ಬಂದಿತ್ತು ನೀರು."

ಇದನ್ನು ಅತ್ತಿಗೆ ಹೇಳಿದ್ದಿರೇನು ಎಂದು ಕೇಳಿದೆ.

"ಹ್ಯಾಂಗ ಹೇಳ್ಲಿ? ಫೋಟೋ ಮಾತ ಬಂದ್ರ ಎದ್ದು ಹೋಗ್ತಿದ್ದಳು. ಆಕಿಗಿ ನೋವಾಗ್ತದ ಅಂತ ನಾನೂ ಬಿಟ್ಟೆ."

ಒಂದು ಇಡೀ ಸಂಸಾರ ಆ ಕಣ್ಣೀರನ್ನು ನಡುವೆ ಇಟ್ಟುಕೊಂಡು, ಅದಕ್ಕೆ ಇಬ್ಬರೂ ಬೇರೆ ಬೇರೆ ಅರ್ಥ ಹಚ್ಚಿಕೊಂಡು, ಒಬ್ಬರನ್ನೊಬ್ಬರು ನೋಯಿಸಬಾರದೆಂದು ಎಚ್ಚರದಿಂದ ಬಾಳಿ ಮುಗಿದಿತ್ತು. ಮಾಮಾ ಬಾಗಿಲ ಕಡೆ ಕೈ ತೋರಿಸಿದರು.

"ಜರಾ ಬಾಗಲ ಕಡಿ ಮಾರಿ ಮಾಡಿ ಕುಂಡರವ್ವ. ಬೆಳಕಿಗಿ."

ತಿರುಗಿ ಕೂತೆ. ಬಾಗಿಲಿನಿಂದ ಬಿಸಿಲು ನೇರವಾಗಿ ಬಿದ್ದಿತ್ತು. ಬೆಳಿಗ್ಗೆ ಮುಖ ತೊಳೆದಿದ್ದೇ ಕೊನೆ. ಹಣೆ, ಮೂಗು, ಕೆನ್ನೆ ಎಲ್ಲ ಅತ್ತಿಯ ಮುಖದಂತೆ ಜಿಡ್ಡಾಗಿ ಹೊಳೆಯುತ್ತಿರಬೇಕು, ಗದ್ದದ ಮೇಲೆ ಅದೇ ವಾರ ಎದ್ದ ಗುಳ್ಳೆ ಕೆಂಪಗಿತ್ತು. ರೂಢಿಯಿಂದ ಕೈ ಸೆರಗಿನ ಕಡೆಗೆ ಹೋಯಿತು.

"ಒರಸಬ್ಯಾಡ, ಇರಲಿ," ಎಂದರು ಮಾಮಾ.

ಕೈಯನ್ನು ಮಡಿಲಿಗೆ ತಂದುಕೊಂಡು, ಅವರು ನೋಡುವಷ್ಟು ಹೊತ್ತು ಹಾಗೆಯೇ ಕೂತಿದ್ದೆ.