ಹಾನಗಲ್ಲಿನ ಮಳೆ, ಅಪ್ಪನ ಕಾರ್ಡು

ಅಕ್ಕನನ್ನು ಹಾನಗಲ್ಲಿಗೆ ಕೊಟ್ಟ ಅಪ್ಪ ನನ್ನನ್ನು ಸವಣೂರಿಗೆ ಕೊಟ್ಟ. ಅದನ್ನು ನಾನು ಬಹಳ ವರ್ಷ ಕ್ಷಮಿಸಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಗೊತ್ತಿಲ್ಲದೆ ಮಾಡಿದ ಎನ್ನಬಹುದಿತ್ತು. ಅಪ್ಪ ಶಿಗ್ಗಾಂವಿ ಕಚೇರಿಯಲ್ಲಿ ಮಳೆ ಅಳೆಯುವ ಕಾರಕೂನ. ದಿನಾ ಬೆಳಿಗ್ಗೆ ಎಂಟಕ್ಕೆ, ಹಿತ್ತಲಲ್ಲಿ ಹುಗಿದಿಟ್ಟ ತಾಮ್ರದ ಡಬ್ಬಿಯ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಸುರಿದು, ಕಣ್ಣು ಕಿರಿದು ಮಾಡಿ ನೋಡಿ ಬರೆದುಕೊಳ್ಳುತ್ತಿದ್ದ. ಯಾವ ಊರಿಗೆ ಯಾವ ತಿಂಗಳು ಎಷ್ಟು ಮಳೆ ವಾಡಿಕೆ ಎನ್ನುವುದು ಅವನಿಗೆ ಬಾಯಿಪಾಠ. ಹಾನಗಲ್ಲು ಮಳೆ ಸುರಿವ ಭತ್ತದ ಸೀಮೆ, ಸವಣೂರು ಒಣ ಜೋಳದ ಸೀಮೆ ಎಂದು ತಿಳಿದೇ ನಮ್ಮನ್ನು ಹಂಚಿದ್ದ.

ಮದುವೆಯಾದ ಮೇಲೆ ಅಪ್ಪನಿಂದ ನನಗೆ ತಿಂಗಳಿಗೊಂದು ಅಂಚೆ ಕಾರ್ಡು ಬರುತ್ತಿತ್ತು. ಸವಣೂರು ನವಾಬರ ಸಂಸ್ಥಾನ, ಅಲ್ಲಿಯ ಲೆಕ್ಕ ಅಪ್ಪನ ಕಚೇರಿಗೆ ಬರುವಂಥದ್ದಲ್ಲ. ಆದರೂ ಗುರುತಿನವರನ್ನು ಕೇಳಿ ತರಿಸಿಕೊಂಡು ಬರೆಯುತ್ತಿದ್ದ: ‘ಸವಣೂರು ವಾಡಿಕೆಗಿಂತ ಕಡಿಮೆ. ಹಾನಗಲ್ಲು ವಾಡಿಕೆಗಿಂತ ಹೆಚ್ಚು. ಆರೋಗ್ಯ ನೋಡಿಕೋ.’ ಮೊದಲೆರಡು ಸಾಲಿಗೇ ನನ್ನ ಹೊಟ್ಟೆ ಉರಿಯುತ್ತಿತ್ತು. ಮೂರನೆಯದರ ಮೇಲೆ ಕಣ್ಣೇ ಹೋಗುತ್ತಿರಲಿಲ್ಲ. ಅಕ್ಕನಿಗೂ ಇಂಥದೇ ಕಾರ್ಡು ಹೋಗಿರುತ್ತದೆ, ನನ್ನ ಊರಿನ ಸಾಲು ಓದಿ ಅವಳು ನಗುತ್ತಿರುತ್ತಾಳೆ ಎಂದು ಕುದಿಯುತ್ತಿದ್ದೆ. ಮಳೆ ಬಂದಾಗಲೆಲ್ಲ ಹಿತ್ತಲಿಗೆ ಓಡಿ ಒರಳಿನಲ್ಲಿ ನಿಂತ ನೀರಿಗೆ ಬೆರಳು ಅದ್ದಿ ನೋಡುವುದು ನನ್ನ ಚಾಳಿಯಾಗಿತ್ತು.

“ಅದರಾಗ ಏನ್ ಹುಡುಕಾಕತ್ತೀಯವಾ?” ಎಂದು ಅತ್ತೆ ಕೇಳುತ್ತಿದ್ದರು.

ಯುದ್ಧದ ಕಾಲದ ಒಂದು ವರ್ಷ ಉತ್ತರಿ ಮಳೆ ನಮ್ಮಲ್ಲಿ ಜಡಿದು ಹೊಡೆಯಿತು. ಒರಳು ತುಂಬಿ ಹರಿಯಿತು. ತಿಂಗಳು ಮುಗಿದ ಮೇಲೆ ಕಾರ್ಡು ಬಂತು: ಸವಣೂರು ವಾಡಿಕೆಗಿಂತ ಹೆಚ್ಚು, ಹಾನಗಲ್ಲು ಕಡಿಮೆ! ನಾಲ್ಕು ಸಲ ಓದಿದೆ. ಅಕ್ಕನಿಗೆ ಸಮಾಧಾನ ಹೇಳಿ ಬರುತ್ತೇನೆಂದು ಮನೆಯವರನ್ನು ಕಾಡಿ, ನೂರು ವೀಳ್ಯದೆಲೆ ಕಟ್ಟಿಕೊಂಡು, ಕಾರ್ಡನ್ನು ಎಲೆಅಡಿಕೆಯ ಚಂಚಿಯಲ್ಲಿಟ್ಟುಕೊಂಡು, ಪೆಟ್ರೋಲು ಸಿಗದ ಆ ದಿನಗಳ ಇದ್ದಲಿನ ಬಸ್ಸು ಹತ್ತಿದೆ.

ಹಾನಗಲ್ಲು ಹತ್ತಿರವಾದಂತೆ ನನ್ನ ಮುಖ ಇಳಿಯಿತು. ಕೆರೆ ತುಂಬಿತ್ತು. ಭತ್ತ ನೀರಿನಲ್ಲಿ ಹಸಿರಾಗಿ ನಿಂತಿತ್ತು. ವಾಡಿಕೆ ಎನ್ನುವುದು ಊರೂರಿಗೆ ಬೇರೆ. ಅವಳ ಕಡಿಮೆ ನನ್ನ ಹೆಚ್ಚಿಗಿಂತಲೂ ಹೆಚ್ಚು. ಕಾರಕೂನನ ಮಗಳಾಗಿ ಇಷ್ಟೂ ತಿಳಿಯದೆ ಮೆರೆಯಲು ಹೊರಟಿದ್ದೆ.

ಬಂದ ಮೇಲೆ ಸುಮ್ಮನಿರಲಾದೀತೇ? ಕೂತವಳೇ ಕೇಳಿದೆ, “ಅಕ್ಕಾ, ಅಪ್ಪನ ಕಾರ್ಡು ನೋಡಿದಿ? ಈ ಸಲ ನಿಮ್ಮೂರಿಗೆ ಕಡಿಮಿ ಐತಿ.”

“ಯಾವ ಕಾರ್ಡು?” ಎಂದಳು ಅಕ್ಕ.

ತೆಗೆದುಕೊಟ್ಟೆ. ಹಿಂದೆ ಮುಂದೆ ಹೊರಳಿಸಿ ನೋಡಿದಳು.

“ನಿನಗ ತಿಂಗಳಾ ಬರೀತಾನೇನು? ನನಗ ಮದುವಿ ಆದಾಗಿಂದ ಒಂದೂ ಬರದಿಲ್ಲ. ಕೇಳಿದ್ರ, ಹಾನಗಲ್ಲಾಗಿದ್ದಾಕಿ ಬಗ್ಗೆ ಏನ್ ಚಿಂತಿ ಅಂತಾನ.”

ಅಕ್ಕ ಸವಣೂರಿನ ಸಾಲನ್ನೂ ಓದಲಿಲ್ಲ, ಹಾನಗಲ್ಲಿನದನ್ನೂ ಓದಲಿಲ್ಲ. ಅವಳ ಬೆರಳು ‘ಆರೋಗ್ಯ ನೋಡಿಕೋ’ ಎಂಬ ಮೂರನೆಯ ಸಾಲಿನ ಮೇಲೆ ನಿಂತಿತ್ತು.

“ಇದನ್ನ ನಾ ಇಟಗೊಳ್ಳಲೇನ?” ಎಂದು ಮೆಲ್ಲಗೆ ಕೇಳಿದಳು.

ಅವಳಿಗೆ ಕೆರೆ ಇತ್ತು, ಗದ್ದೆ ಇತ್ತು. ಕಾರ್ಡನ್ನು ಅವಳ ಕೈಯಿಂದ ಕಿತ್ತು ಚಂಚಿಗೆ ಹಾಕಿಕೊಂಡೆ. ಎಲೆಯ ಕಟ್ಟನ್ನು ಮಾತ್ರ ಅವಳ ಮುಂದಿಟ್ಟೆ.