ಇಬ್ಬರು ಕೊರವಂಜಿಗಳು

ಇವತ್ತು ಬೆಳಗ್ಗೆ ದೇವಸ್ಥಾನದ ಮೈಕಿನಲ್ಲಿ, ಸಂಜೆ ಶ್ರೀನಿವಾಸ ಕಲ್ಯಾಣದ ಪ್ರವಚನ ಇದೆಯೆಂದು ಸಾರಿದರು. ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ನಮ್ಮವರು ಕೆಮ್ಮಿದರು. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಯಾವ ಕೆಮ್ಮು ಕಫದ್ದು, ಯಾವುದು ಕಳ್ಳತನದ್ದು ಎಂದು ಹೆಂಡತಿಗೆ ತಿಳಿಯದೆ ಇರುತ್ತದೆಯೇ? ನನಗೆ ಅನುಮಾನ ಬಂತು. ಅಜ್ಜಿಯಿಂದ ನನಗೆ ಬಂದ ಆಸ್ತಿ ಅದೊಂದೇ.

ಆ ಅಜ್ಜಿಯನ್ನು, ಎಂದರೆ ನನ್ನ ಅಪ್ಪನ ತಾಯಿಯನ್ನು, ನೀವು ನೋಡಬೇಕಿತ್ತು. ಹಾಲು ತೆಳ್ಳಗಾದರೆ ಕಾಪುವಿನ ನಮ್ಮ ಮನೆಯ ಹಸುವಿನ ಮೇಲೂ ಗುಮಾನಿ ಪಡುತ್ತಿದ್ದರು. ಅರುವತ್ತರ ದಶಕದ ಆರಂಭ ಅದು. ನನಗೆ ಮದುವೆ ಕೂಡಿಬರುತ್ತಿರಲಿಲ್ಲ. ನೋಡಲು ಬಂದವರು ಉಪ್ಪಿಟ್ಟು ತಿಂದು ಹೋದರೆ ಹೋದವರೇ. ಕೊನೆಗೆ, ಇನ್ನು ಯಾರ ಮುಂದೆಯೂ ತಲೆ ತಗ್ಗಿಸಿ ಕೂರುವುದಿಲ್ಲವೆಂದು ಹಟ ಹಿಡಿದೆ. ಮದುವೆ ತಡವಾದ ಮನೆಯಲ್ಲಿ ಶ್ರೀನಿವಾಸ ಕಲ್ಯಾಣ ಓದಿಸಿದರೆ ಕಂಕಣ ಕೂಡಿಬರುತ್ತದೆಂದು ನಂಬಿಕೆ. ಅಪ್ಪ ಕಾರ್ಕಳದಿಂದ ಒಬ್ಬ ತರುಣ ಮಾಸ್ತರರನ್ನು ಕರೆಸಿದರು. ಅವರು ಊರಿನಲ್ಲೇ ನಂಟರ ಮನೆಯಲ್ಲಿ ಉಳಿದು, ದಿನಾ ಸಂಜೆ ನಮ್ಮ ಜಗಲಿಯಲ್ಲಿ ಓದುತ್ತಿದ್ದರು.

ಕಥೆ ನಿಮಗೆ ಗೊತ್ತೇ ಇರುತ್ತದೆ. ವೈಕುಂಠ ಬಿಟ್ಟು ಭೂಮಿಗಿಳಿದ ಹರಿ, ಶ್ರೀನಿವಾಸನೆಂಬ ಹೆಸರಿನಲ್ಲಿ, ಆಕಾಶರಾಜನ ಮಗಳು ಪದ್ಮಾವತಿಗೆ ಮನಸೋಲುತ್ತಾನೆ. ನೆಟ್ಟಗೆ ಬಂದು ಹೆಣ್ಣು ಕೇಳಬಾರದೇ? ಕಣಿ ಹೇಳುವ ಕೊರವಂಜಿಯ ವೇಷ ಹಾಕಿ ಅರಮನೆಗೆ ಬರುತ್ತಾನೆ. ಮಗಳನ್ನು ಶ್ರೀನಿವಾಸನಿಗೇ ಕೊಡಿ ಎಂದು ತನ್ನ ಮದುವೆಯನ್ನು ತಾನೇ ಕುದುರಿಸುತ್ತಾನೆ. ಆ ಭಾಗ ಓದಿದ ಸಂಜೆ ಅಜ್ಜಿ ಅಪ್ಪನ ಕಡೆ ತಿರುಗಿ, "ದೇವರೇ ಹೀಗೆ ಮಾಡಿದ ಮೇಲೆ ಮನುಷ್ಯರನ್ನು ನಂಬುವುದು ಹೇಗೆ ಮಾರಾಯ?" ಎಂದರು.

ಮರುದಿನ ಬಳೆಗಾರ್ತಿಯೊಬ್ಬಳು ಅಂಗಳಕ್ಕೆ ಬಂದಳು. ಅಜ್ಜಿ ಅವಳನ್ನು ಅಡ್ಡಗಟ್ಟಿ, "ನಿನ್ನನ್ನು ಕಳಿಸಿದ್ದು ಯಾರು? ಹುಡುಗನ ಮನೆ ಎಲ್ಲಿ ಉಂಟು?" ಎಂದು ಶುರುಮಾಡಿದರು.

"ಬಳೆ ಬೇಕಾ ಅಂತ ಕೇಳಿದ್ದಮ್ಮ ನಾನು. ಅದರಲ್ಲಿ ಎಂತ ತಪ್ಪು?" ಎಂದು ಪಾಪ ಆಕೆ ಬುಟ್ಟಿ ಎತ್ತಿಕೊಂಡು ಹೋದವಳು ಮತ್ತೆ ನಮ್ಮ ಕಡೆ ಸುಳಿಯಲಿಲ್ಲ.

ನಿಜವಾದ ಕೊರವಂಜಿ ಕುಳಿತದ್ದು ಜಗಲಿಯಲ್ಲಿ, ವ್ಯಾಸಪೀಠದ ಹಿಂದೆ. ಕೊನೆಯ ದಿನ ಮಂಗಳ ಹಾಡಿ ಮಾಸ್ತರರು ಹೋದ ಮೇಲೆ ಅಪ್ಪ ಬಾಯಿಬಿಟ್ಟರು: ಓದಿದವರೇ ವರ. ನಾನು ಕೂರುವುದಿಲ್ಲವೆಂದದ್ದಕ್ಕೆ ಅಪ್ಪ, ಮಾಸ್ತರರು ಇಬ್ಬರೂ ಸೇರಿ ಹೂಡಿದ ಉಪಾಯವಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಅವರೆದುರು ನಾನು ಆಕಳಿಸಿದ್ದೆ, ಕೂದಲು ಬಿಚ್ಚಿಕೊಂಡು ಓಡಾಡಿದ್ದೆ, ಪದ್ಮಾವತಿಯ ಪೆದ್ದುತನಕ್ಕೆ ಗಟ್ಟಿಯಾಗಿ ನಕ್ಕಿದ್ದೆ. ನಾನು ಹಿಡಿಸದಿದ್ದರೆ ಪುಸ್ತಕ ಕಟ್ಟಿಕೊಂಡು ನಡೆದುಬಿಡುತ್ತಿದ್ದರು. ಬೇಡವೆಂದದ್ದೂ ನನಗೆ ತಿಳಿಯುತ್ತಿರಲಿಲ್ಲ. ಅವರ ಸ್ವರ ನನಗೆ ಇಷ್ಟವಾಗಿತ್ತು ಎಂಬುದು ಇನ್ನೂ ದೊಡ್ಡ ಸಿಟ್ಟು. "ಇವರು ಮಾತ್ರ ಬೇಡ" ಎಂದೆ.

"ತಡೆ. ಅವನು ನಮ್ಮನ್ನು ನೋಡಿ ಆಯಿತು. ನಾವು ಅವನನ್ನು ನೋಡುವುದು ಬೇಡವಾ?" ಎಂದರು ಅಜ್ಜಿ.

ಅಜ್ಜಿ ಹಳೆಯ ಸೀರೆಯ ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಹಪ್ಪಳದ ಬುಟ್ಟಿ ಹಿಡಿದು ಕಾರ್ಕಳದ ಬಸ್ಸು ಹತ್ತಿದರು. ಹಪ್ಪಳ ಮಾರುವ ನೆಪದಲ್ಲಿ ಮಾಸ್ತರರ ಮನೆಯ ಅಂಗಳದಲ್ಲಿ ಕೂತಿದ್ದು, ಸಂಜೆ ಮರಳಿ ಬಂದು ತೀರ್ಪು ಕೊಟ್ಟರು: "ತಾಯಿಗೆ ಬಾವಿಯಿಂದ ನೀರು ಸೇದಿ ಕೊಟ್ಟ. ಯಾರೂ ಹೇಳಲಿಲ್ಲ. ಒಪ್ಪಬಹುದು." ಗಂಡಸರು ಕೊಡಪಾನ ಮುಟ್ಟದ ಕಾಲ. ನಾನು ಒಪ್ಪಿದ್ದು ಆ ನೀರಿಗೆ.

"ಈಗ ಕೆಮ್ಮಿದ್ದು ಎಂತಕ್ಕೆ?" ಎಂದು ಇವತ್ತು ಕೇಳಿಯೇಬಿಟ್ಟೆ.

ಲೋಟ ಕೆಳಗಿಟ್ಟರು. "ನಿನ್ನ ಅಜ್ಜಿ ಓಣಿಯ ತುದಿಯಲ್ಲಿ ಇರುವಾಗಲೇ ನನಗೆ ಗುರುತು ಸಿಕ್ಕಿತ್ತು. ಅಷ್ಟು ದಿನ ಅವರ ಎದುರು ಕೂತು ಓದಿದವನಲ್ವಾ? ಅಲ್ಲಿವರೆಗೆ ನಾನು ಬಾವಿಯ ಹತ್ತಿರ ಹೋದವನೇ ಅಲ್ಲ."

ಎಂಥ ಮೋಸ! ಒಂದು ಕ್ಷಣ ಹಳೆಯ ಉರಿ ಮರಳಿತು. ಆಮೇಲೆ ನನ್ನ ಬಾಣಂತನಗಳು ನೆನಪಾದವು, ಬಾವಿ ತಳ ಕಂಡ ಬೇಸಿಗೆಗಳು ನೆನಪಾದವು. ಮನೆಗೆ ನಲ್ಲಿ ಬರುವ ತನಕ ನಾನು ಒಂದು ದಿನವೂ ಹಗ್ಗ ಹಿಡಿದವಳಲ್ಲ.

"ಮತ್ತೆ ಅಷ್ಟು ವರ್ಷ ಸೇದಿದ್ದು?"

"ನಿಲ್ಲಿಸಿದರೆ ನಿನಗೆ ಗೊತ್ತಾಗ್ತದೆ ಅಂತ ಹೆದರಿಕೆ ಮಾರಾಯ್ತಿ."

ಅವರ ಅಂಗೈ ಎಳೆದು ನೋಡಿದೆ. ಹಗ್ಗ ಉಜ್ಜಿ ಗಟ್ಟಿಯಾದ ಚರ್ಮ ಇನ್ನೂ ಮೆತ್ತಗಾಗಿಲ್ಲ. ಕಾಫಿ ಆರುತ್ತದೆ ಎಂದರು. ಆರಲಿ ಎಂದೆ, ಕೈ ಬಿಡಲಿಲ್ಲ.