ಜನ ಯಾಕೆ ಏಳಲಿಲ್ಲ ಎಂದು ಬೈರಮ್ಮ ಕೇಳಿದರು

ಬೈರಮ್ಮ ನಮ್ಮ ಕಾಲೇಜಿನ ಟೆಲಿಫೋನ್ ಆಪರೇಟರ್ ಆಗಿದ್ದರು. ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆಗೆ ಬೆನ್ನು ಹಾಕಿ ನಿಂತ ಆ ಹಳೇ ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ನಾನು ಸೇರುವ ಹೊತ್ತಿಗೆ ಅವರು ಅಲ್ಲಿ ಹನ್ನೆರಡು ವರ್ಷ ಕಳೆದಿದ್ದರು. ದಿನಾ ವೈಯಾಲಿಕಾವಲಿನಿಂದ ನಡೆದು ಬಂದು, ದೊಡ್ಡ ಮೆಟ್ಟಿಲಿನ ಕೆಳಗಿನ ಪುಟ್ಟ ಕೋಣೆಯ ಬೀಗ ತೆಗೆದು, ಕುರ್ಚಿಯ ಮೇಲೆ ಟವೆಲ್ ಹಾಸಿ ಕೂರುತ್ತಿದ್ದರು. ಒಂದು ಕಾಲದಲ್ಲಿ ಕಾಲೇಜಿಗೆ ಬರುವ ಪ್ರತಿ ಕರೆಯೂ ಅವರ ಕೈ ದಾಟಿಯೇ ಹೋಗಬೇಕಿತ್ತು. ಎಲ್ಲರ ಜೇಬಿಗೂ ಮೊಬೈಲ್ ಬಂದ ಮೇಲೆ ಅವರಿಗೆ ಉಳಿದದ್ದು ಒಂದು ಇಂಟರ್‌ಕಾಮ್, ಒಂದು ಮೈಕು. ಯಾರದೋ ಐಡಿ ಕಾರ್ಡ್ ಸಿಕ್ಕಿದೆ, ಎನ್‌ಸಿಸಿಯವರು ಮೈದಾನಕ್ಕೆ ಬನ್ನಿ. ಮೈಕಿನಲ್ಲಿ ಹೇಳುವುದು ಇಷ್ಟೇ ಇರುತ್ತಿತ್ತು.

ಅವರ ತಂದೆ ಮುನಿರಾಮಪ್ಪ ಬೀದಿಗಳಿಗೆ ನೀರು ಬಿಡುವ ಕೆಲಸದಲ್ಲಿದ್ದರಂತೆ. ವಾಲ್ವ್ ತಿರುಗಿಸಿ ಸುಮ್ಮನೆ ಬರುತ್ತಿರಲಿಲ್ಲವಂತೆ, ಬೀದಿಯ ಕೊನೇ ಮನೆಯವರೆಗೆ ನಡೆದು, "ಬಂತೇನಮ್ಮಾ?" ಎಂದು ಕೇಳಿಯೇ ವಾಪಸಾಗುತ್ತಿದ್ದರಂತೆ. ಮಗಳದ್ದೂ ಅದೇ ಸ್ವಭಾವ. ಮೈಕಿನಲ್ಲಿ ಏನಾದರೂ ಹೇಳಿದ ದಿನ ಮಧ್ಯಾಹ್ನ ಕಾರಿಡಾರಿನಲ್ಲಿ ಯಾರನ್ನಾದರೂ ನಿಲ್ಲಿಸಿ, "ಬೆಳಗ್ಗೆ ಹೇಳಿದ್ದು ಕೇಳಿಸ್ತಾ ನಿಮ್ಗೆ?" ಎನ್ನುವರು. ನಾವು ನಕ್ಕು ಮುಂದೆ ಹೋಗುತ್ತಿದ್ದೆವು.

ಕಳೆದ ವರ್ಷ ಜುಲೈಯಲ್ಲಿ ಒಂದು ಗುರುವಾರ, ಕಟ್ಟಡದಲ್ಲಿ ಬಾಂಬ್ ಇದೆ ಎಂದು ಕಾಲೇಜಿಗೆ ಇಮೇಲ್ ಬಂತು. ಪ್ರಿನ್ಸಿಪಾಲ್ ರಾಮಾನುಜ ಅವರು ತಡ ಮಾಡಲಿಲ್ಲ. ಪೊಲೀಸರಿಗೆ ತಿಳಿಸಿದರು, ಹೊಸದಾಗಿ ಹಾಕಿಸಿದ್ದ ಸೈರನ್ ಒತ್ತಿದರು, ಎಲ್ಲರ ಮೊಬೈಲಿಗೂ ಒಟ್ಟಿಗೆ ಸಂದೇಶ ಕಳಿಸುವ ಆ್ಯಪ್ ತೆರೆದು ಅದರ ಕಂಪನಿಯವರೇ ಬರೆದುಕೊಟ್ಟಿದ್ದ ಇಂಗ್ಲಿಷ್ ಒಕ್ಕಣೆಯನ್ನು ಕಳಿಸಿದರು. ಅನಿವಾರ್ಯ ಕಾರಣಗಳಿಂದಾಗಿ ಯಾರೂ ಗಾಬರಿಯಾಗದೆ ಕ್ಯಾಂಪಸ್ಸನ್ನು ತೆರವುಗೊಳಿಸಬೇಕು ಎಂಬುದು ಅದರ ಸಾರ. ಇಷ್ಟೆಲ್ಲ ಎರಡೇ ನಿಮಿಷದಲ್ಲಿ ಮುಗಿಯಿತು. ಆದರೆ ಸಾವಿರದ ನಾನೂರು ಜನ ಹೊರಗೆ ಬರಲು ಮೂವತ್ತೊಂದು ನಿಮಿಷ ಹಿಡಿಯಿತು. ಕೆಲವರು ತಾವಾಗಿ ಬರಲೇ ಇಲ್ಲ. ಪೊಲೀಸರೇ ಹೋಗಿ ಎಬ್ಬಿಸಿ ಕರೆತಂದರು. ಬಾಂಬ್ ಇರಲಿಲ್ಲ, ಇಮೇಲ್ ಸುಳ್ಳು. ನಾವೆಲ್ಲ ಸಮಾಧಾನಪಟ್ಟು ಮನೆಗೆ ಹೋದೆವು.

ಮಾರನೇ ದಿನ ಬೈರಮ್ಮ ಸ್ಟಾಫ್ ರೂಮಿಗೆ ಬಂದರು. ಕೈಯಲ್ಲಿ ಹಳೇ ಹಾಜರಿ ಪುಸ್ತಕ.

"ಸಾರ್, ನಿನ್ನೆ ಸೈರನ್ ಆದಾಗ ನೀವು ಏನ್ಮಾಡ್ತಿದ್ರಿ?"

"ಪಾಠ ಮಾಡ್ತಿದ್ದೆ."

"ಕೇಳಿಸ್ತು ತಾನೇ?"

"ಕೇಳಿಸ್ತು."

"ಮತ್ತೆ ಯಾಕೆ ಏಳ್ಲಿಲ್ಲ? ಬೈಯೋಕಲ್ಲ ಸಾರ್, ತಿಳ್ಕೊಳೋಕೆ ಕೇಳ್ತಿದೀನಿ."

ಇದ್ದದ್ದನ್ನು ಹೇಳಿದೆ. ಬೋರ್ಡಿನ ಮೇಲೆ ಒಂದು ಲೆಕ್ಕ ಅರ್ಧಕ್ಕೆ ನಿಂತಿತ್ತು. ಅದನ್ನು ಮುಗಿಸಿಬಿಡೋಣ ಎಂದುಕೊಂಡಿದ್ದೆ. ಪಕ್ಕದ ಕ್ಲಾಸಿನವರು ಎದ್ದ ಸದ್ದು ಕೇಳಿದರೆ ನಾವೂ ಏಳೋಣ ಎಂಬ ಎಣಿಕೆಯೂ ಇತ್ತು. ಪಕ್ಕದ ಕ್ಲಾಸಿನವರು ನಮ್ಮ ಸದ್ದಿಗೆ ಕಾಯುತ್ತಿದ್ದರು ಎಂಬುದು ಆಮೇಲೆ ತಿಳಿಯಿತು. ಬೈರಮ್ಮ ಎಲ್ಲವನ್ನೂ ಬರೆದುಕೊಂಡು, "ಥ್ಯಾಂಕ್ಸ್ ಸಾರ್" ಎಂದು ಮುಂದಿನ ಮೇಜಿಗೆ ಹೋದರು.

ಎರಡು ತಿಂಗಳು ಅವರು ಹೀಗೆ ಕೇಳುತ್ತಾ ತಿರುಗಿದರು. ಇನ್ನೂರ ಹದಿನಾರು ಜನರನ್ನು ಮಾತಾಡಿಸಿದರು. ಲೈಬ್ರರಿಯಲ್ಲಿದ್ದವರು ಅದನ್ನು ರಸ್ತೆಯಲ್ಲಿ ಹೋಗುವ ಆಂಬ್ಯುಲೆನ್ಸ್ ಎಂದುಕೊಂಡಿದ್ದರು. ಲ್ಯಾಬಿನಲ್ಲಿ ಎಗ್ಸಾಸ್ಟ್ ಫ್ಯಾನಿನ ಗದ್ದಲಕ್ಕೆ ಏನೂ ಕೇಳಿಸಿರಲಿಲ್ಲ. ಕಿರುಪರೀಕ್ಷೆ ಬರೆಯುತ್ತಿದ್ದವರ ಮೊಬೈಲುಗಳು ಬಾಗಿಲ ಬಳಿಯ ಬುಟ್ಟಿಯಲ್ಲಿದ್ದವು. ಗುಡಿಸುವ ಹೆಂಗಸರಿಗೆ ಸಂದೇಶ ಹೋಗಿರಲೇ ಇಲ್ಲ, ಅವರ ನಂಬರುಗಳು ಆ್ಯಪ್‌ನಲ್ಲಿ ಇರಲಿಲ್ಲ. "ಗಾಬರಿಯಾಗಬೇಡಿ ಅಂತ ಓದಿದ ಮೇಲೇನೇ ನಂಗೆ ಗಾಬರಿ ಆಗಿದ್ದು" ಎಂದು ಒಬ್ಬ ಹುಡುಗಿ ಹೇಳಿದ್ದಳು.

ಎಲ್ಲಕ್ಕಿಂತ ಹೆಚ್ಚಾಗಿ ಬೈರಮ್ಮನನ್ನು ಕಾಡಿದ್ದು ಬಿಎ ಎರಡನೇ ವರ್ಷದ ಆರಾಧನಾಳ ಉತ್ತರ. ಅವಳಿಗೆ ಎರಡೂ ಕಿವಿ ಕೇಳುವುದಿಲ್ಲ. ತಲೆಯೆತ್ತಿ ನೋಡಿದಾಗ ಕ್ಲಾಸು ಖಾಲಿಯಾಗಿತ್ತು. ಪೀರಿಯಡ್ ಮುಗಿಯಿತೇನೋ ಎಂದುಕೊಂಡು ಬೋರ್ಡಿನ ಮೇಲಿದ್ದದ್ದನ್ನು ಬರೆದುಕೊಳ್ಳುತ್ತಾ ಒಬ್ಬಳೇ ಕೂತಿದ್ದಳು. ಇದನ್ನು ಅವಳು ಪುಸ್ತಕದಲ್ಲಿ ಬರೆದು ತೋರಿಸಿದಳಂತೆ. ಬೈರಮ್ಮ ಅದರ ಕೆಳಗೆ, "ಏನ್ಮಾಡಿದ್ರೆ ನಿಂಗೆ ಗೊತ್ತಾಗುತ್ತೆ?" ಎಂದು ಬರೆದರು. "ಲೈಟ್ ಆರಿಸಿ ಹಾಕಿ. ಮೂರು ಸಲ" ಎಂದು ಅವಳು ಬರೆದಳು.

ಪುಸ್ತಕ ಹಿಡಿದು ಅವರು ರಾಮಾನುಜರ ಬಳಿ ಹೋದರು. ಜೊತೆಗೆ ನನ್ನನ್ನೂ ಎಳೆದೊಯ್ದರು.

"ಸಂದೇಶ ಕಳಿಸಿದ್ದೀವಲ್ಲ ಬೈರಮ್ಮ. ಎಲ್ಲಾರಿಗೂ ಡೆಲಿವರ್ ಆಗಿದೆ ಅಂತ ಕಂಪನಿಯವ್ರು ರಿಪೋರ್ಟ್ ಕೊಟ್ಟಿದಾರೆ" ಎಂದರು ರಾಮಾನುಜ.

"ಫೋನಿಗೆ ಹೋಗಿದೆ ಸಾರ್. ಜನಕ್ಕೆ ಹೋಗಿಲ್ಲ."

ರಾಮಾನುಜ ಒಳ್ಳೆಯ ಮನುಷ್ಯ. ಪುಟ ತಿರುವಿ ಓದುತ್ತಾ ಹೋದಂತೆ ಕನ್ನಡಕ ತೆಗೆದು ಕೆಳಗಿಟ್ಟರು. "ಏನ್ಮಾಡ್ಬೇಕು ಅಂತೀರಿ?"

"ಒಂದ್ಸಲ ನನ್ ಮಾತಲ್ಲಿ ಹೇಳಿ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬಿಟ್ಬಿಡೋಣ."

ಹೀಗೆ ನಮ್ಮ ಪ್ರಯೋಗ ಶುರುವಾಯಿತು. ಕಾಲೇಜಿನಲ್ಲಿ ಎರಡು ಬ್ಲಾಕುಗಳಿವೆ. ಅಕ್ಟೋಬರಿನ ಒಂದು ಬುಧವಾರ, ಮುಂಚಿತವಾಗಿ ಹೇಳದೆ, ಒಂದು ಬ್ಲಾಕಿಗೆ ಸೈರನ್ ಮತ್ತು ಕಂಪನಿಯ ಸಂದೇಶ ಕಳಿಸಿದೆವು. ಇನ್ನೊಂದು ಬ್ಲಾಕಿನ ಸ್ಪೀಕರುಗಳಲ್ಲಿ ಬೈರಮ್ಮ ಮಾತಾಡಿದರು: "ನಾನು ಬೈರಮ್ಮ, ಟೆಲಿಫೋನ್ ರೂಮಿಂದ. ಇದು ಅಭ್ಯಾಸ. ಪಕ್ಕದಲ್ಲಿರೋರನ್ನ ಮುಟ್ಟಿ ಎಬ್ಬಿಸಿ. ಬ್ಯಾಗ್ ಅಲ್ಲೇ ಬಿಡಿ. ದೊಡ್ಡ ಮೆಟ್ಲು ಇಳಿದು ಮೈದಾನಕ್ಕೆ ಬನ್ನಿ. ಮೇಷ್ಟ್ರುಗಳು ಲೈಟು ಮೂರು ಸಲ ಆರಿಸಿ ಹಾಕಿ." ಅವರ ಬ್ಲಾಕು ಆರು ನಿಮಿಷಕ್ಕೆ ಖಾಲಿಯಾಯಿತು. ಸೈರನ್ ಬ್ಲಾಕಿಗೆ ಹತ್ತೊಂಬತ್ತು ನಿಮಿಷ ಬೇಕಾಯಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ನನ್ನ ವೃತ್ತಿಯ ತಕರಾರು ತೆಗೆದೆ. ಅವರ ಬ್ಲಾಕಿನಲ್ಲಿ ಅಂತಸ್ತುಗಳು ಕಡಿಮೆ, ಹೋಲಿಕೆ ಸರಿಯಲ್ಲ, ಬ್ಲಾಕು ಅದಲುಬದಲು ಮಾಡಿ ಮತ್ತೆ ನೋಡಬೇಕು ಎಂದೆ. ಬೈರಮ್ಮನಿಗೆ ಬೇಜಾರಾಗಬಹುದು ಎಂದುಕೊಂಡಿದ್ದೆ. ಅವರ ಮುಖ ಅರಳಿತು. "ಹೌದಲ್ವಾ. ಇನ್ನೊಂದ್ಸಲ ನೋಡೋಣ ಸಾರ್." ಮುಂದಿನ ತಿಂಗಳು ನೋಡಿದೆವು. ಈ ಸಲ ಬೈರಮ್ಮನ ಬ್ಲಾಕಿಗೆ ಒಂಬತ್ತು ನಿಮಿಷ, ಸೈರನ್ ಬ್ಲಾಕಿಗೆ ಹದಿಮೂರು ನಿಮಿಷ. ಅಂತರ ಕುಗ್ಗಿತ್ತು, ಆದರೂ ಇತ್ತು. ರಾಮಾನುಜ ಅವತ್ತೇ ಆ್ಯಪ್‌ನ ಒಕ್ಕಣೆ ಬದಲಿಸಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ನಾಲ್ಕು ಸಾಲು ಹಾಕಿಸಿದರು. ಗುಡಿಸುವವರ, ಕ್ಯಾಂಟೀನಿನವರ ನಂಬರುಗಳೂ ಸೇರಿದವು.

ನಿಜವಾದ ಅಪಾಯ ಬಂದದ್ದು ಫೆಬ್ರವರಿಯಲ್ಲಿ, ಬೆಳಗಿನ ಹತ್ತೂಕಾಲಕ್ಕೆ. ದೊಡ್ಡ ಮೆಟ್ಟಿಲಿನ ತಲೆಯಲ್ಲೇ ಕೆಮಿಸ್ಟ್ರಿಯವರ ಸ್ಟೋರ್ ಇದೆ. ಅಲ್ಲಿ ಬೀರು ಸರಿಸುವಾಗ ಬ್ರೋಮಿನ್ ಬಾಟಲಿ ಬಿದ್ದು ಒಡೆಯಿತು. ಅದರ ಕಂದು ಹೊಗೆ ಕಣ್ಣು, ಗಂಟಲು ಸುಡುವಂಥದ್ದು. ಲ್ಯಾಬ್ ಅಟೆಂಡರ್ ನಂದೀಶ್ ಕೆಮ್ಮುತ್ತಾ ಇಂಟರ್‌ಕಾಮ್ ಎತ್ತಿ, "ಅಕ್ಕಾ, ಬ್ರೋಮಿನ್ ಒಡೆದೋಯ್ತು, ಎಲ್ಲಾರನ್ನೂ ಕಳ್ಸಿ" ಎಂದ.

ಬೈರಮ್ಮ ಮೈಕು ಹಾಕಿದರು. ಅಭ್ಯಾಸದಲ್ಲಿ ಹೇಳಿ ರೂಢಿಯಾಗಿದ್ದ ಮಾತೇ ಬಾಯಿಗೆ ಬಂತು: ದೊಡ್ಡ ಮೆಟ್ಲು ಇಳಿದು ಮೈದಾನಕ್ಕೆ ಬನ್ನಿ. ಹೇಳಿ ಮುಗಿಸುವಾಗ ಅವರ ಕೋಣೆಯ ಬಾಗಿಲಿನಾಚೆ ಕಂದು ಹೊಗೆ ಮೆಟ್ಟಿಲಿನಿಂದ ಕೆಳಗಿಳಿಯುತ್ತಿರುವುದು ಕಾಣಿಸಿತು. ಬ್ರೋಮಿನ್ ಹೊಗೆ ಗಾಳಿಗಿಂತ ಭಾರ, ಕೆಳಕ್ಕೇ ಹರಿಯುತ್ತದೆ. ಅವರು ಜನರನ್ನು ಹೊಗೆಯೊಳಕ್ಕೇ ಕರೆದಿದ್ದರು.

ನಾನಾಗ ಎರಡನೇ ಮಹಡಿಯಲ್ಲಿ ಅರವತ್ತು ಹುಡುಗರನ್ನು ಬಾಗಿಲಿನ ಹೊರಗೆ ತಂದಿದ್ದೆ. ಮುಂದಿದ್ದವರು ಆಗಲೇ ದೊಡ್ಡ ಮೆಟ್ಟಿಲಿಗೆ ಕಾಲಿಟ್ಟಿದ್ದರು. ಸ್ಪೀಕರ್ ಮತ್ತೆ ಕರಕರ ಎಂದಿತು.

"ನಾನು ಬೈರಮ್ಮ. ಮೊದ್ಲು ಹೇಳಿದ್ದು ತಪ್ಪು, ನನ್ ತಪ್ಪು. ದೊಡ್ಡ ಮೆಟ್ಲಲ್ಲಿ ವಿಷದ ಹೊಗೆ ಇದೆ, ಇಳೀಬೇಡಿ. ಹಿಂದಿನ ಮೆಟ್ಲು. ಹಿಂದಿನ ಮೆಟ್ಲಲ್ಲಿ ಹೋಗಿ."

ಹುಡುಗರು ನಿಂತರು, ತಿರುಗಿದರು. ಆ ಮಾತನ್ನು ಬೈರಮ್ಮ ಬಿಡದೆ ಹೇಳುತ್ತಲೇ ಇದ್ದರು. ಸುಮಾರು ಏಳು ನಿಮಿಷ. ನಡುನಡುವೆ ಕೆಮ್ಮು, ಮತ್ತೆ ಅದೇ ಮಾತು. ಕೊನೆಗೆ ನಂದೀಶ್ ಒದ್ದೆ ಬಟ್ಟೆ ಮುಖಕ್ಕೆ ಕಟ್ಟಿಕೊಂಡು ಹೋಗಿ ಅವರನ್ನು ಹೊರಗೆ ಕರೆತಂದ. ಮೈದಾನದಲ್ಲಿ ತಲೆ ಎಣಿಸಿದೆವು, ಎಲ್ಲರೂ ಇದ್ದರು. ಹನ್ನೊಂದು ಜನರನ್ನು ಆಸ್ಪತ್ರೆಗೆ ಸಾಗಿಸಿದರು. ಹತ್ತು ಜನ ಸಂಜೆಗೇ ಮನೆಗೆ ಹೋದರು. ಬೈರಮ್ಮ ಐದು ದಿನ ಆಮ್ಲಜನಕದ ಮೇಲಿದ್ದರು.

ಎರಡನೇ ದಿನ ನೋಡಲು ಹೋದೆ. ಮಾತು ಹೊರಡುತ್ತಿರಲಿಲ್ಲ. ನನ್ನ ಕೈಯಿಂದ ಪೆನ್ನು ಕಸಿದು ಪೇಪರಿನ ಅಂಚಿನಲ್ಲಿ ಬರೆದರು: "ನನ್ ಮಾತು ಕೇಳಿ ಎಷ್ಟು ಜನ ಮೆಟ್ಲಿಗೆ ಹೋದ್ರು?"

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಮೂವತ್ತು ಜನ ಇರ್ಬಹುದು. ಎಲ್ಲಾರೂ ತಿರುಗಿದ್ರು. ತಪ್ಪು ಅಂದ್ರಲ್ಲ, ಅದಕ್ಕೇ ತಿರುಗಿದ್ರಂತೆ. ಸುಮ್ನೆ ಹಿಂದಿನ ಮೆಟ್ಲು ಅಂದಿದ್ರೆ ಎರಡೂ ಕಡೆ ಹೋಗ್ಬಹುದು ಅಂತ ಇಳೀತಿದ್ವಿ ಅಂದ್ಲು ಒಬ್ಳು."

ಅವರು ಅಂಗೈಯಿಂದ ಕಣ್ಣು ಒರೆಸಿಕೊಂಡರು. ಅತ್ತರೋ, ಕಣ್ಣಿನ ಉರಿಯೋ, ನನಗೆ ತಿಳಿಯಲಿಲ್ಲ.

ಕಾಲೇಜಿನಲ್ಲಿ ಅಪಾಯದ ರಾಸಾಯನಿಕಗಳನ್ನು ಮೆಟ್ಟಿಲಿನಿಂದ ದೂರಕ್ಕೆ ಸಾಗಿಸಿದರು. ಮೈಕನ್ನು ಗೇಟಿನ ಬಳಿಗೆ ಒಯ್ದರು. ಘೋಷಣೆಗೆ ಮುಂಚೆ ಎಲ್ಲಿ, ಯಾವ ಕಡೆ ದಾರಿ ಎಂದು ಕೇಳಿಕೊಳ್ಳಬೇಕು ಎಂಬುದನ್ನು ಬೈರಮ್ಮ ತಾವೇ ದಪ್ಪ ಅಕ್ಷರದಲ್ಲಿ ಬರೆದು ಅಲ್ಲಿ ಅಂಟಿಸಿದರು. ಏಪ್ರಿಲ್‌ನಲ್ಲಿ ನಿವೃತ್ತರಾದರು. ಧ್ವನಿ ಇನ್ನೂ ಸ್ವಲ್ಪ ಒಡಕು.

ಕಳೆದ ವಾರ ಕುಮಾರ ಪಾರ್ಕಿನ ಇನ್ನೊಂದು ಕಾಲೇಜಿನವರು ಇದರ ಬಗ್ಗೆ ಮಾತಾಡಲು ಅವರನ್ನು ಕರೆದಿದ್ದರು. ನಾನೂ ಜೊತೆಗೆ ಹೋದೆ. ಅಲ್ಲಿ ದೊಡ್ಡ ಪರದೆ, ಕುರ್ಚಿ, ಬಿಸ್ಕತ್ತು ಎಲ್ಲ ಸಜ್ಜಾಗಿತ್ತು. ಬೈರಮ್ಮ ಒಳಗೇ ಹೋಗಲಿಲ್ಲ. ಗೇಟಿನಲ್ಲಿ ನಿಂತಿದ್ದ ವಾಚ್‌ಮನ್ ಸೊಣ್ಣಪ್ಪನನ್ನು ಕೇಳಿದರು, "ನಿಮ್ ಕಾಲೇಜಲ್ಲಿ ಯಾವ ಬಾಗಿಲು ತೆಗ್ಯೋಕಾಗಲ್ಲ?"

"ಎರಡಿದಾವಮ್ಮ. ಇದುವರೆಗೂ ಯಾರೂ ಕೇಳಿರ್ಲಿಲ್ಲ. ಬನ್ನಿ, ತೋರಿಸ್ತೀನಿ" ಎಂದು ಸೊಣ್ಣಪ್ಪ ಟೋಪಿ ಸರಿಮಾಡಿಕೊಂಡು ಮುಂದೆ ನಡೆದ.